ಭೂಮಿ ನಿಜವಾಗ್ಲೂ ಉಬ್ಬುತ್ತಾ ಇದೆಯಾ? ಈ ಥಿಯರಿ ಬಗ್ಗೆ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ

ಕಡಲ್ತಡಿ:

ಎಲ್ಲರಿಗೂ ನಮಸ್ಕಾರ. ಹೋದ ವಾರ ಮಲ್ಪೆಯಿಂದ ಬೋಟಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ವಿ, ಅಕ್ಕನ ಮಕ್ಕಳು ಮುಂಬೈಯಿಂದ ಬಂದಿದ್ರು ಅಂತ. ಅಲ್ಲಿ ಕಂಬ ಕಂಬ ನಿಲ್ಲಿಸಿದ ಹಾಗೆ ಕಲ್ಲುಗಳಿವೆಯಲ್ಲ, ಅವು ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬಿಟ್ಟು ಹೋಗುವ ಕಾಲಕ್ಕೆ ಹರಿದ ಲಾವಾ ಅಂತ ಓದಿದ್ದು ನೆನಪಿತ್ತು, ಮಕ್ಕಳಿಗೆ ಅದನ್ನೇ ಹೇಳಿದೆ. ರಾತ್ರಿ ಮನೆಗೆ ಬಂದು ದೊಡ್ಡವಳು ಮಡಗಾಸ್ಕರ್ ಅಂತ ಹುಡುಕ್ತಾ ಹುಡುಕ್ತಾ ಒಂದು ವಿಡಿಯೋ ತೋರಿಸಿದ್ಳು ನೋಡಿ, ಅಲ್ಲಿಂದ ನನ್ನ ತಲೆ ಕೆಟ್ಟಿದೆ.

ವಿಡಿಯೋದಲ್ಲಿ ಭೂಗೋಳ ತಿರುಗ್ತಾ ಹಿಂದಕ್ಕೆ ಹೋಗ್ತಾ ಚಿಕ್ಕದಾಗುತ್ತೆ. ಅಟ್ಲಾಂಟಿಕ್ ಮುಚ್ಚಿಕೊಳ್ಳುತ್ತೆ, ಅದು ಶಾಲೆಯಲ್ಲೂ ಕೇಳಿದ್ದೇ. ಆದ್ರೆ ಪೆಸಿಫಿಕ್ ಕೂಡ ಮುಚ್ಚಿಕೊಳ್ಳುತ್ತೆ! ಎಲ್ಲಾ ಖಂಡಗಳೂ ಎಲ್ಲಾ ಕಡೆಯಿಂದ ಸೇರಿ ಒಂದು ಚಿಕ್ಕ ಚೆಂಡಿಗೆ ಹಲಸಿನ ಸಿಪ್ಪೆ ಮೆತ್ತಿದ ಹಾಗೆ ಪೂರ್ತಿ ಮುಚ್ಚಿಬಿಡುತ್ತೆ, ಸಮುದ್ರವೇ ಇಲ್ಲ. ಅವ್ರು ಹೇಳೋದು ಭೂಮಿ 20 ಕೋಟಿ ವರ್ಷದ ಹಿಂದೆ ಈಗಿನ ಅರ್ಧದಷ್ಟೋ ಸ್ವಲ್ಪ ಜಾಸ್ತಿಯೋ ಅಗಲ ಇತ್ತು, ಆಮೇಲೆ ಒಳಗಿನಿಂದ ಬೆಳೀತಾ ಬಂತು, ಸಿಪ್ಪೆ ಬಿರುಕು ಬಿಟ್ಟ ಜಾಗವೇ ಸಮುದ್ರ ಅಂತ. ಸಾಕ್ಷಿ ಏನಂದ್ರೆ ಸಮುದ್ರದ ತಳದ ಕಲ್ಲು ಎಲ್ಲೂ 20 ಕೋಟಿ ವರ್ಷಕ್ಕಿಂತ ಹಳೇದಿಲ್ಲ, ನೆಲದ ಮೇಲೆ 300 ಕೋಟಿ ವರ್ಷದ ಕಲ್ಲಿದೆ. ಡೈನೋಸಾರ್ ಅಷ್ಟು ದೊಡ್ಡದಾಗಿದ್ದೂ ಆಗ ಗುರುತ್ವ ಕಮ್ಮಿ ಇದ್ದಿದ್ದಕ್ಕೇ ಅಂತೆ.

ನಾನು ಕಾಮರ್ಸ್ ಓದಿದವ, ಆದ್ರೆ ಸಮುದ್ರದ ತಳದ ವಯಸ್ಸಿನ ವಿಷ್ಯ ಹುಡುಕಿ ನೋಡಿದೆ, ಅದು ನಿಜವೇ ಅಂತ ಕಾಣ್ತದೆ. ಹಾಗಾದ್ರೆ ಮಿಕ್ಕಿದ್ದು ಯಾಕೆ ಸುಳ್ಳು? ಇದನ್ನ ದೊಡ್ಡ ದೊಡ್ಡ ವಿಜ್ಞಾನಿಗಳೂ ನಂಬಿದ್ರು ಅಂತಾರೆ, ಅದು ಹೌದಾ? ಮಗುವಿಗೆ ಏನು ಉತ್ತರ ಕೊಡಲಿ ಹೇಳಿ ಮಾರ್ರೆ. ಬರೀ "ಅದೆಲ್ಲಾ ಸುಳ್ಳು, ಓದ್ಕೋ ಹೋಗು" ಅಂತ ಹೇಳೋಕೆ ಮನಸ್ಸಿಲ್ಲ.

ಹಳೇಕಲ್ಲು:

ನಮಸ್ಕಾರ ಸಾರ್. ಭೂವಿಜ್ಞಾನ ಓದಿ ಖನಿಜ ಹುಡುಕೋ ಕೆಲಸದಲ್ಲಿ ಮೂವತ್ತು ವರ್ಷ ಚಿತ್ರದುರ್ಗ ಬಳ್ಳಾರಿ ಕಡೆ ಅಲೆದವನು ನಾನು, ಈಗ ರಿಟೈರ್ ಆಗಿದೀನಿ. ನಿಮ್ಮ ಅಕ್ಕನ ಮಗಳಿಗೆ ಮೊದಲು ಶಹಬ್ಬಾಸ್ ಹೇಳಿ, ಯಾಕಂದ್ರೆ ಅವಳ ಪ್ರಶ್ನೆ 1956ರಲ್ಲಿ ಪ್ರಪಂಚದ ಒಳ್ಳೊಳ್ಳೆ ಭೂವಿಜ್ಞಾನಿಗಳ ಪ್ರಶ್ನೆಯೇ ಆಗಿತ್ತು.

ದೊಡ್ಡವರು ನಂಬಿದ್ರಾ ಅಂದ್ರೆ ಹೌದು, ನಂಬಿದ್ರು. ಇಟಲಿಯ ರೊಬೆರ್ಟೊ ಮಾಂಟೊವಾನಿ 1889ರಲ್ಲೇ ಖಂಡಗಳು ಬಿಟ್ಟುಹೋಗಿದ್ದು ಭೂಮಿ ಹಿಗ್ಗಿದ್ದಕ್ಕೆ ಅಂತ ಬರೆದಿದ್ದ, ಖಂಡಗಳು ಚಲಿಸ್ತವೆ ಅಂತ ಹೇಳಿ ಹೆಸರಾದ ಜರ್ಮನಿಯ ವೆಗೆನರ್ ಬರೋಕೆ 20 ವರ್ಷಕ್ಕೂ ಮುಂಚೆ. ಜರ್ಮನಿಯ ಹಿಲ್ಗೆನ್‌ಬರ್ಗ್ 1933ರಲ್ಲಿ ಕಾಗದದ ರಟ್ಟಿನಲ್ಲಿ ಬೇರೆ ಬೇರೆ ಸೈಜಿನ ಗೋಳ ಮಾಡಿ ಖಂಡಗಳನ್ನ ಅದರ ಮೇಲೆ ಅಂಟಿಸಿ ತೋರಿಸಿದ, ನೀವು ನೋಡಿದ ವಿಡಿಯೋ ಆ ಗೋಳಗಳ ಮೊಮ್ಮಗ ಅನ್ನಬಹುದು. ಇಂಥ ವಿಡಿಯೋಗಳನ್ನ ಇಂಟರ್ನೆಟ್ಟಲ್ಲಿ ಹೆಚ್ಚು ಹರಡಿದ್ದು ಅಮೆರಿಕದ ಕಾಮಿಕ್ಸ್ ಕಲಾವಿದ ನೀಲ್ ಆಡಮ್ಸ್, ಕಲಾವಿದನ ಕೈ ಆದ್ರಿಂದ ಕಣ್ಣಿಗೆ ಅಷ್ಟು ನಾಟುತ್ತೆ.

ಆದ್ರೆ ಇದರ ನಿಜವಾದ ಗುರು ಅಂದ್ರೆ ಟಾಸ್ಮೇನಿಯಾ ಯೂನಿವರ್ಸಿಟಿಯ ಸ್ಯಾಮ್ಯುಯೆಲ್ ವಾರೆನ್ ಕ್ಯಾರಿ. ಈ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ ಇದೆ. ಖಂಡಗಳು ಚಲಿಸ್ತವೆ ಅಂದ್ರೆ ಕೆಲಸ ಸಿಗದ ಕಾಲದಲ್ಲಿ ಚಲಿಸ್ತವೆ ಅಂತ ಪಾಠ ಮಾಡಿದೋನು. ಆಫ್ರಿಕಾ ದಕ್ಷಿಣ ಅಮೆರಿಕಾ ಎರಡೂ ಬರೀ ದಡದ ಗೆರೆಯಲ್ಲಿ ಅಲ್ಲ, ನೀರಿನಡಿ ಖಂಡದ ನಿಜವಾದ ಅಂಚಿನಲ್ಲೇ ಕೂಡ್ತವೆ ಅಂತ ದೊಡ್ಡ ಗೋಳದ ಮೇಲೆ ಇಟ್ಟು ತೋರಿಸಿದೋನು. 1956ರಲ್ಲಿ ಹೋಬಾರ್ಟ್‌ನಲ್ಲಿ ಇದಕ್ಕೇ ಅಂತ ಒಂದು ವಿಚಾರಗೋಷ್ಠಿ ಮಾಡಿಸಿದ. ಗೋಳದ ಮೇಲೆ ಪಾಂಜಿಯಾ, ಅಂದ್ರೆ ಎಲ್ಲಾ ಖಂಡ ಒಂದಾಗಿದ್ದ ಹಳೇ ಮಹಾಖಂಡ, ಜೋಡಿಸೋವಾಗ ಅವನಿಗೆ ಒಂದು ತೊಂದರೆ ಬಂತು, ಎಷ್ಟು ಒತ್ತಿ ಜೋಡಿಸಿದ್ರೂ ಪೂರ್ವದ ಕಡೆ ಭಾರತಕ್ಕೂ ಏಷ್ಯಾಕ್ಕೂ ಮಧ್ಯೆ ದೊಡ್ಡ ಬಾಯಿ ತೆರಕೊಂಡೇ ಉಳೀತಿತ್ತು. ಗೋಳ ಚಿಕ್ಕದು ಮಾಡಿದ್ರೆ ಬಾಯಿ ಮುಚ್ಚಿಕೊಳ್ತಿತ್ತು. ಹಂಗಾದ್ರೆ ಗೋಳವೇ ಚಿಕ್ಕದಿತ್ತು ಅಂತ ತೀರ್ಮಾನಕ್ಕೆ ಬಂದ. ಅವನ ಜಾಗದಲ್ಲಿ ನಾನಿದ್ರೂ ಬಹುಶಃ ಹಂಗೇ ಅಂತಿದ್ದೆ.

ಅವನೊಬ್ಬನೇ ಅಲ್ಲ. ಮೇರಿ ಥಾರ್ಪ್ ಜೊತೆ ಸಮುದ್ರತಳದ ನಕ್ಷೆ ಮಾಡಿದ ಬ್ರೂಸ್ ಹೀಜೆನ್ ಕೆಲ ವರ್ಷ ಇದನ್ನೇ ನಂಬಿದ್ದ, ಸಮುದ್ರದ ನಟ್ಟನಡುವೆ ಭೂಮಿ ಸುತ್ತ ಬಿರುಕು ಕಂಡ್ರೆ ಯಾರಿಗಾದ್ರೂ ಹಂಗನ್ನಿಸುತ್ತೆ. ಕೆನಡಾದ ಟೂಜೋ ವಿಲ್ಸನ್ 1960ರಲ್ಲಿ ಭೂಮಿ ಹಿಗ್ಗಿದ್ರೆ ಏನಾಗುತ್ತೆ ಅಂತ ಲೇಖನ ಬರೆದ, ಐದೇ ವರ್ಷಕ್ಕೆ ಅದೇ ವಿಲ್ಸನ್, ಭೂಮಿಯ ಸಿಪ್ಪೆ ಚಲಿಸೋ ದೊಡ್ಡ ಹಲಗೆಗಳಿಂದ (ಪ್ಲೇಟು) ಆಗಿದೆ ಅನ್ನೋ ಈಗಿನ ಪ್ಲೇಟ್ ಟೆಕ್ಟಾನಿಕ್ಸ್‌ನ ಒಂದು ಮುಖ್ಯ ಕಂಬ ನಿಲ್ಲಿಸಿದ. ಮಧ್ಯೆ ಆಗಿದ್ದೇನಂದ್ರೆ ಹುಟ್ಟಿದ ಸಮುದ್ರತಳ ಸಾಯೋ ಜಾಗ ಸಿಕ್ಕಿತು. 1962ರಲ್ಲಿ ಹ್ಯಾರಿ ಹೆಸ್, ತಳ ಸಮುದ್ರದ ನಡುವಿನ ಏಣಿನಲ್ಲಿ (ನೀರಿನಡಿಯ ಉದ್ದನೆ ಬೆಟ್ಟಸಾಲು) ಹುಟ್ಟಿ ಅಂಚಿನ ಕಂದಕದಲ್ಲಿ ಮತ್ತೆ ಒಳಗೆ ಹೋಗುತ್ತೆ ಅಂದ. ಟೋಂಗಾ ದ್ವೀಪದ ಕಡೆ ಭೂಕಂಪಗಳು ಒಂದು ಇಳಿಜಾರು ಹಲಗೆಯ ಮೇಲೆ ಸಾಲಾಗಿ ಸುಮಾರು 700 ಕಿಮೀ ಆಳದವರೆಗೂ ಇಳಿದಿರೋದು 60ರ ದಶಕದ ಕೊನೆ ಹೊತ್ತಿಗೆ ಸ್ಪಷ್ಟ ಆಯ್ತು, ಒಳಗೆ ಹೋಗ್ತಿರೋ ತಣ್ಣನೆ ತಳವೇ ಅದು. ನಿಮ್ಮ 20 ಕೋಟಿ ವರ್ಷದ ಪ್ರಶ್ನೆಗೆ ಉತ್ತರ ಇಷ್ಟೇ ಸಾರ್, ಹಳೇ ತಳ ಇಲ್ಲದೇ ಇರೋದು ಅದು ಹುಟ್ಟೇ ಇರಲಿಲ್ಲ ಅಂತಲ್ಲ, ಹುಟ್ಟಿ ಒಳಗೆ ಹೋಗಿದೆ ಅಂತ. ಕ್ಯಾರಿ 2002ರಲ್ಲಿ ತೀರಿಕೊಳ್ಳೋವರೆಗೂ ಇದನ್ನ ಒಪ್ಪಲಿಲ್ಲ.

ಒಳಗೆ ಹೋಗದೇ ನೆಲದ ಮೇಲೆ ಸಿಕ್ಕಿಹಾಕಿಕೊಂಡ ಹಳೇ ತುಂಡುಗಳೂ ಇವೆ. ಫಿನ್‌ಲ್ಯಾಂಡಿನ ಯೋರ್ಮುವಾ ಅನ್ನೋ ಕಡೆ 195 ಕೋಟಿ ವರ್ಷದ ಸಮುದ್ರತಳದ ಚೂರು ಬೆಟ್ಟದ ಮಧ್ಯೆ ಕೂತಿದೆ. 20 ಕೋಟಿ ವರ್ಷದ ಹಿಂದೆ ಸಮುದ್ರತಳವೇ ಇರಲಿಲ್ಲ ಅನ್ನೋರು ಅದನ್ನ ಎಲ್ಲಿಡ್ತಾರೆ? ನಮ್ಮ ಚಿತ್ರದುರ್ಗದ ಮರಡಿಹಳ್ಳಿಗೆ ಹೋಗಿ, ದಿಂಬು ಪೇರಿಸಿಟ್ಟ ಹಾಗೆ ಕಲ್ಲುಗಳಿವೆ, ಲಾವಾ ನೀರಿನೊಳಗೆ ಉಕ್ಕಿದ್ರೆ ಮಾತ್ರ ಆ ಆಕಾರ ಬರೋದು, ಸುಮಾರು 250 ಕೋಟಿ ವರ್ಷದ್ದು. ಅದೊಂದರಿಂದ ದೊಡ್ಡ ಸಾಗರ ಇತ್ತು ಅಂತ ಸಾಬೀತಾಗಲ್ಲ, ಆದ್ರೂ ಆ ದಿಂಬಿನ ಮೇಲೆ ಕೈಯಿಟ್ಟು ನಿಂತಾಗ ಇಲ್ಲಿ ನೀರಿತ್ತು ಅನ್ನೋದು ಮೈಗೆ ತಟ್ಟುತ್ತೆ. ಮಕ್ಕಳನ್ನ ಕರಕೊಂಡು ಹೋಗಿ.

ಸರಪಳಿ ಹಿಡಿದಾಂವ:

ನಾ ಧಾರವಾಡದಾಂವ, ಸರ್ವೇ ಕೆಲಸ. ಹಳೇಕಲ್ಲು ಸರ್ ಇತಿಹಾಸ ಭಾಳ ಛಲೋ ಹೇಳ್ಯಾರ, ನಾ ಬರೇ ಲೆಕ್ಕ ಹೇಳ್ತೀನ್ರಿ, ಯಾಕಂದ್ರ ಈ ವಾದ ಮುಗಿಸಲಿಕ್ಕೆ ಒಂದು ಅಳತಿ ಸಾಕು.

ಇಡೀ ಜಗತ್ತಿನ ಸಮುದ್ರದ ಏಣು ಎಲ್ಲಾ ಕೂಡಿ ವರ್ಷಕ್ಕ ಸುಮಾರು 3 ಚದರ ಕಿಮೀ ಹೊಸಾ ತಳ ಹುಟ್ಟಿಸ್ತಾವ. ಇದನ್ನ ಎರಡೂ ಪಾರ್ಟಿಯವರು ಒಪ್ಪತಾರ. ಈಗ ಅವರು ಹೇಳಿದಂಗ ಒಂದು ಚೂರೂ ಒಳಗ ಹೋಗೂದಿಲ್ಲ ಅಂತ ಇಟ್ಕೋರಿ, ಅಂದ್ರ ಭೂಮಿ ಮೈ ವರ್ಷಕ್ಕ 3 ಚದರ ಕಿಮೀ ಹೆಚ್ಚಾಗಬೇಕು. ಗೋಳದ ಮೈ ಅಂದ್ರ ನಾಕು ಪೈ ಆರ್ ಸ್ಕ್ವೇರ್, ಹಂಗಾದ್ರ ತ್ರಿಜ್ಯ ಎಷ್ಟು ಹೆಚ್ಚಬೇಕು ಅಂದ್ರ 3ನ್ನ ಎಂಟು ಪೈ ಆರ್‌ನಿಂದ ಭಾಗಸ್ರಿ, ಆರ್ ಅಂದ್ರ 6371 ಕಿಮೀ, ಎಂಟು ಪೈ ಆರ್ ಹತ್ತತ್ರ 1,60,000 ಆಗ್ತದ. ಉತ್ತರ ಬಂತು ವರ್ಷಕ್ಕ 1.9 ಸೆಂಟಿಮೀಟರ್. ಅಂದ್ರ ನಮ್ಮ ಕಾಲ ಕೆಳಗಿನ ನೆಲ ಭೂಮಿ ಕೇಂದ್ರದಿಂದ ಪ್ರತಿ ವರ್ಷ ಹತ್ತತ್ರ ಎರಡು ಸೆಂಟಿಮೀಟರ್ ಮ್ಯಾಲೆ ಏರಬೇಕು, ಇಡೀ ಜಗತ್ತಿನಾಗ, ಒಂದೇ ಸಮ.

ಇದು ಕಣ್ಣು ತಪ್ಪಿಸಿಕೊಳ್ಳೂ ಸಂಖ್ಯಾ ಅಲ್ಲ. 1976ರಾಗ ಅಮೆರಿಕದವರು ಲೇಜಿಯೋಸ್ ಅಂತ ಒಂದು ಉಪಗ್ರಹ ಬಿಟ್ರು, ಮೈತುಂಬ ಕನ್ನಡಿ ಹಚ್ಚಿದ ಹಿತ್ತಾಳಿ ಅಲ್ಯೂಮಿನಿಯಂ ಗುಂಡು, ಅದರಾಗ ಮಷೀನ ಏನೂ ಇಲ್ಲ, ನೆಲದಿಂದ ಲೇಸರ್ ಹೊಡದ್ರ ವಾಪಸ್ ಕಳಸ್ತದ ಅಷ್ಟ. ಅದರ ಕಕ್ಷೆ ಭೂಮಿಯ ದ್ರವ್ಯರಾಶಿಯ ಕೇಂದ್ರಕ್ಕ ಕಟ್ಟಿದ್ದು, ಹಂಗಾಗಿ ಲೇಸರ್ ಠಾಣೆ ಕೇಂದ್ರದಿಂದ ಎಷ್ಟು ದೂರ ಅನ್ನೂದು ಅದರಿಂದ ತಿಳೀತದ. ಅದು ಹಾರಿದ ಮ್ಯಾಲೆ ಈ ಥಿಯರಿ ಪ್ರಕಾರ ಜಗತ್ತಿನ ಎಲ್ಲಾ ಠಾಣೆ ಹತ್ತತ್ರ ಒಂದು ಮೀಟರ್ ಮ್ಯಾಲೆ ಬಂದಿರಬೇಕಿತ್ತು. ಒಂದು ಮೀಟರ್ ರೀ! ನಮ್ಮ ಕಡೆ ಒಂದು ಹೊಲದ ಬಾಂದು ಒಂದು ಮೀಟರ್ ಸರದ್ರ ಕೋರ್ಟಿಗೆ ಹೋಗ್ತಾರ.

2011ರಾಗ ನಾಸಾದ ಜೆಪಿಎಲ್‌ನವರು ಲೇಸರ್, ಜಿಪಿಎಸ್, ದೂರದ ಕ್ವೇಸಾರ್ (ಭಾಳ ದೂರದ ಗೆಲಾಕ್ಸಿಗಳ ಹೊಳಿಯೂ ನಡುಭಾಗ) ನೋಡಿ ಅಳಿಯೂ ರೇಡಿಯೋ ಟೆಲಿಸ್ಕೋಪು ಎಲ್ಲಾ ಕೂಡಿಸಿ ಲೆಕ್ಕ ಹಾಕಿದ್ರು. ಬಂದ ಬದಲಾವಣೆ ವರ್ಷಕ್ಕ 0.1 ಮಿಲಿಮೀಟರ್, ಅದರ ತಪ್ಪಿನ ಅಂಚು 0.2 ಮಿಲಿಮೀಟರ್. ಅಂದ್ರ ಸೊನ್ನೆ ಅಂತಲೇ ಅರ್ಥ. ಬೇಕಾಗಿದ್ದು 19 ಮಿಲಿಮೀಟರ್, ಸಿಕ್ಕಿದ್ದು ಒಂದರ ಹತ್ತನೇ ಪಾಲೂ ಗಟ್ಟಿ ಇಲ್ಲ. ಬೆಂಗಳೂರಿನ ಐಐಎಸ್‌ಸಿ ಆವರಣದಾಗೂ 1990ರ ದಶಕದಿಂದ ಒಂದು ಕಾಯಂ ಜಿಪಿಎಸ್ ಠಾಣೆ ಅದ, ನಮ್ಮ ನೆಲ ವರ್ಷಕ್ಕ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕ ಹೊಂಟದ ಅಂತ ಅಂಥಾ ಠಾಣೆಗಳೇ ತೋರಸ್ತಾವ. ಅಡ್ಡಕ್ಕ ಹೋಗೂದು ಕಾಣ್ತದ, ಮ್ಯಾಲಕ್ಕ ಏರೂದು ಕಾಣೂದಿಲ್ಲ.

ಬೆಳಕಿನಬೀಜ:

ಎಲ್ಲರ ಉತ್ತರ ಓದಿದೆ. ನಾನು ಈ ವಿಷಯದಲ್ಲಿ ಹತ್ತು ವರ್ಷದಿಂದ ಆಸಕ್ತಿ ಇಟ್ಕೊಂಡಿರೋನು, ನನಗೆ ಬೆಳೆಯುವ ಭೂಮಿ ಅನ್ನೋ ಐಡಿಯಾ ಇನ್ನೂ ಸತ್ತಿಲ್ಲ ಅನ್ಸುತ್ತೆ, ದಯವಿಟ್ಟು ಸಿಟ್ಟಾಗಬೇಡಿ ಪೂರ್ತಿ ಓದಿ. ವೆಗೆನರ್‌ಗೂ ಎಲ್ಲರೂ ಹೀಗೇ ಅಂದಿದ್ರು. ಯಾಂತ್ರಿಕತೆ ಏನು, ಯಾವ ಶಕ್ತಿ ಖಂಡ ತಳ್ಳುತ್ತೆ ತೋರಿಸು ಅಂದ್ರು, ತೋರಿಸೋಕೆ ಆಗಲಿಲ್ಲ, 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸತ್ತರು, ಆಮೇಲೆ ಮೂವತ್ತು ವರ್ಷಕ್ಕೆ ಅವರೇ ಸರಿ ಅಂತಾಯ್ತು. ಹಾಗೇ ಇದಕ್ಕೂ ಯಾಂತ್ರಿಕತೆ ಮುಂದೆ ಸಿಗಬಹುದಲ್ವಾ. ಪಾಲ್ ಡಿರಾಕ್ ಅಂಥ ನೊಬೆಲ್ ವಿಜ್ಞಾನಿ 1937ರಲ್ಲಿ ಗುರುತ್ವದ ಸ್ಥಿರಾಂಕವೇ ಕಾಲ ಹೋದ ಹಾಗೆ ಕಮ್ಮಿಯಾಗ್ತಿರಬಹುದು ಅಂದ್ರು, ಗುರುತ್ವದ ಹಿಡಿತ ಸಡಿಲ ಆದ್ರೆ ಗ್ರಹ ಹಿಗ್ಗಲೇಬೇಕು, ಪಾಸ್ಕುಅಲ್ ಜೋರ್ಡನ್ ಅದನ್ನೇ ಮುಂದುವರಿಸಿದ್ರು. ರಷ್ಯಾದ ಯಾರ್ಕೋವ್‌ಸ್ಕಿ 1888ರಲ್ಲೇ ಗ್ರಹಗಳ ಒಳಗೆ ಈಥರ್ (ಆಕಾಶ ಪೂರ್ತಿ ತುಂಬಿದೆ ಅಂತ ಆಗ ನಂಬಿದ್ದ ವಸ್ತು) ಹೀರಿಕೊಂಡು ಹೊಸ ದ್ರವ್ಯ ಆಗುತ್ತೆ ಅಂದಿದ್ರು, ಅದೇ ಯಾರ್ಕೋವ್‌ಸ್ಕಿಯ ಇನ್ನೊಂದು ಐಡಿಯಾ, ಬಿಸಿಲಿನ ಶಾಖದಿಂದ ಕ್ಷುದ್ರಗ್ರಹದ ದಾರಿ ಬದಲಾಗುತ್ತೆ ಅನ್ನೋದು, ನೂರು ವರ್ಷ ಆದ್ಮೇಲೆ ನಿಜ ಅಂತ ಅಳತೆಯಲ್ಲೇ ಸಿಕ್ತು.

ನನ್ನ ಇನ್ನೊಂದು ಪ್ರಶ್ನೆ. ಆಫ್ರಿಕಾ ನೋಡಿ, ಪಶ್ಚಿಮಕ್ಕೆ ಅಟ್ಲಾಂಟಿಕ್ ಏಣು, ಪೂರ್ವಕ್ಕೆ ಹಿಂದೂ ಮಹಾಸಾಗರದ ಏಣು, ದಕ್ಷಿಣಕ್ಕೂ ಏಣು. ಅಂಟಾರ್ಕ್ಟಿಕಾ ಸುತ್ತಲೂ ಏಣೇ. ಎಲ್ಲಾ ಕಡೆಯಿಂದ ಹೊಸ ತಳ ಇವುಗಳ ಕಡೆ ತಳ್ಳುತ್ತಾ ಇದ್ರೆ ಮಧ್ಯೆ ಇವು ನಜ್ಜುಗುಜ್ಜಾಗಬೇಕಿತ್ತು, ಆಗಿಲ್ಲ. ಕ್ಯಾರಿ ಕೇಳಿದ ಈ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿದ್ದು ನಾನು ನೋಡಿಲ್ಲ.

ಹಳೇಕಲ್ಲು:

ಸಿಟ್ಟು ಯಾಕೆ, ಒಳ್ಳೇ ಪ್ರಶ್ನೆ ಕೇಳಿದೀರಿ. ಆಫ್ರಿಕಾದ್ದು ಮೊದಲು ಹೇಳ್ತೀನಿ. ಏಣು ಅನ್ನೋದು ಒಂದೇ ಜಾಗದಲ್ಲಿ ಮೊಳೆ ಹೊಡೆದು ಕೂರಿಸಿದ್ದಲ್ಲ, ಅದೂ ಸರಿಯುತ್ತೆ. ಎರಡು ಕಡೆಗೂ ಸಮ ಹಂಚುತ್ತಾ ತಾನೂ ಆಫ್ರಿಕಾದಿಂದ ದೂರ ದೂರ ಹೋಗ್ತಾ ಇದೆ, ಆದ್ರಿಂದ ಆಫ್ರಿಕಾ ಪ್ಲೇಟು ಸುತ್ತಲೂ ಅಗಲ ಆಗ್ತಾ ಇದೆ, ನಜ್ಜುಗುಜ್ಜು ಆಗೋ ಪ್ರಶ್ನೆಯೇ ಬರಲ್ಲ. ಅಂಟಾರ್ಕ್ಟಿಕಾದ್ದೂ ಅದೇ ಕಥೆ. ಅಷ್ಟು ಅಗಲ ಆದದ್ದಕ್ಕೆ ಬೇರೆ ಎಲ್ಲೋ ಅಷ್ಟೇ ಕಮ್ಮಿ ಆಗಬೇಕಲ್ಲ, ಅದು ಪೆಸಿಫಿಕ್ ಸುತ್ತಲಿನ ಕಂದಕಗಳಲ್ಲಿ ಆಗ್ತಿದೆ. ಜಪಾನ್, ಟೋಂಗಾ, ಚಿಲಿ, ನಮ್ಮ ಕಡೆ ಸುಮಾತ್ರಾ. 2004ರ ಡಿಸೆಂಬರ್ 26ರ ಸುನಾಮಿ ಬಂದಿದ್ದು ಅಲ್ಲಿ ನಮ್ಮ ಹಿಂದೂ ಮಹಾಸಾಗರದ ತಳ ಸುಮಾತ್ರಾ ಅಡಿಗೆ ನುಗ್ಗಿದ್ದಕ್ಕೇ. ಎರಡು ಲಕ್ಷಕ್ಕೂ ಜಾಸ್ತಿ ಜನ ಸತ್ತ ಆ ಘಟನೆ ನೆನೆದ್ರೆ ತಳ ಎಲ್ಲೂ ಒಳಗೆ ಹೋಗಲ್ಲ ಅನ್ನೋ ಮಾತು ನನ್ನ ಕೈಲಿ ಕೇಳೋಕಾಗಲ್ಲ.

ವೆಗೆನರ್ ಉದಾಹರಣೆ ಎಲ್ಲರೂ ಕೊಡ್ತಾರೆ, ಆದ್ರೆ ಅದು ಇಲ್ಲಿಗೆ ಕೂಡಲ್ಲ. ವೆಗೆನರ್ ಹತ್ರ ಯಾಂತ್ರಿಕತೆ ಇರಲಿಲ್ಲ ನಿಜ, ಆದ್ರೆ ಅವರ ಸಾಕ್ಷಿ ವರ್ಷ ವರ್ಷ ಜಾಸ್ತಿ ಆಗ್ತಾ ಹೋಯ್ತು, ಕಾಂತೀಯತೆ ಸಿಕ್ತು, ತಳದ ವಯಸ್ಸು ಸಿಕ್ತು, ಕೊನೆಗೆ ಜಿಪಿಎಸ್ಸೇ ತೋರಿಸ್ತು. ಹಿಗ್ಗುವ ಭೂಮಿಗೆ ಉಲ್ಟಾ ಆಯ್ತು, ಒಂದೊಂದು ಹೊಸ ಅಳತೆ ಬಂದಾಗಲೂ ಅದು ಒಂದೊಂದು ಮೆಟ್ಟಿಲು ಕೆಳಗಿಳೀತು.

ಇನ್ನೊಂದು ವಿಷಯ ಹೇಳಲೇಬೇಕು, ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಭಾಗ ಅದು. ಹಂಗೇರಿಯ ಲಾಸ್ಲೋ ಎಗ್ಯೆದ್ ಅಂತ, ಹಿಗ್ಗುವ ಭೂಮಿಯ ಪಕ್ಷದವರೇ. ಅವರ ಅಂದಾಜು ವರ್ಷಕ್ಕೆ ಅರ್ಧ ಮಿಲಿಮೀಟರ್ ಆಸುಪಾಸು. ಅವರೇ ಪರೀಕ್ಷೆಗೆ ಒಂದು ದಾರಿ ಸೂಚಿಸಿದ್ರು. ಒಂದೇ ಹಳೇ ಖಂಡದ ಮೇಲೆ, ಮಧ್ಯೆ ಬಿರುಕು ಬಿಡದೇ ಇರೋ ಕಡೆ, ಒಂದೇ ಕಾಲದ ಎರಡು ಕಲ್ಲು ತಗೊಳ್ಳಿ. ಕಲ್ಲಲ್ಲಿ ಆಗಿನ ಅಯಸ್ಕಾಂತದ ಓರೆ ಅಚ್ಚಾಗಿ ಉಳಿದಿರುತ್ತೆ, ಆ ಓರೆಯಿಂದ ಎರಡಕ್ಕೂ ಆಗಿನ ಅಕ್ಷಾಂಶ ಸಿಗುತ್ತೆ. ಈಗ ಎರಡು ಊರಿನ ಮಧ್ಯೆ ಕಿಲೋಮೀಟರ್ ಎಷ್ಟು ಅಂತ ಗೊತ್ತು, ಆಗ ಡಿಗ್ರಿ ಎಷ್ಟು ವ್ಯತ್ಯಾಸ ಇತ್ತು ಅಂತಲೂ ಗೊತ್ತು. ಭೂಮಿ ಚಿಕ್ಕದಿದ್ದಿದ್ರೆ ಅಷ್ಟೇ ಕಿಲೋಮೀಟರಿಗೆ ಡಿಗ್ರಿ ಜಾಸ್ತಿ ಬರಬೇಕು. ಎಷ್ಟು ಸರಳ ನೋಡಿ! ಹಲವರು ಹಲವು ಖಂಡಗಳಲ್ಲಿ ಮಾಡಿದ್ರು. 1978ರಲ್ಲಿ ಮೆಕೆಲ್ಹಿನಿ ಮತ್ತು ಜೊತೆಯವರು ಎಲ್ಲಾ ಒಟ್ಟುಹಾಕಿ ನೋಡಿದಾಗ ಕಳೆದ 40 ಕೋಟಿ ವರ್ಷದಲ್ಲಿ ತ್ರಿಜ್ಯ ಹಿಗ್ಗಿದ್ರೂ 0.8 ಪರ್ಸೆಂಟ್ ಒಳಗೇ ಅಂತ ಬಂತು. ವಿಡಿಯೋಗೆ ಬೇಕಾಗಿರೋದು 20 ಕೋಟಿ ವರ್ಷಕ್ಕೆ 60 ಪರ್ಸೆಂಟಿನ ಮೇಲೆ. ತನ್ನ ಪಕ್ಷ ಸೋಲಬಹುದಾದ ಪರೀಕ್ಷೆಯನ್ನ ತಾನೇ ಬರೆದು ಕೊಟ್ಟ ಎಗ್ಯೆದ್‌ಗೆ ನಾನು ಕೈ ಮುಗೀತೀನಿ.

ತೂಕದಕಲ್ಲು:

ಬೆಳಕಿನಬೀಜ ಅವ್ರೇ, ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡೋಳು. ಡಿರಾಕ್ ವಿಷಯ ಸರಿಯಾಗೇ ಹೇಳಿದ್ರಿ, ಅದನ್ನ ಯಾರೂ ನಕ್ಕು ಬಿಟ್ಟುಬಿಡಲಿಲ್ಲ, ಅಳೆದೇ ನೋಡಿದ್ರು. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಇಟ್ಟು ಬಂದ ಕನ್ನಡಿಗೆ ಇವತ್ತಿಗೂ ಲೇಸರ್ ಹೊಡೀತಾರೆ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗ್ತಿದಾನೆ ಅಂತ ಗೊತ್ತಾಗಿದ್ದೇ ಹಾಗೆ. ಗುರುತ್ವ ಸ್ಥಿರಾಂಕ ಬದಲಾಗ್ತಿದ್ರೆ ಅದೇ ಲೆಕ್ಕದಲ್ಲಿ ಸಿಕ್ಕಿಬೀಳಬೇಕು, ಬದಲಾವಣೆ ಇದ್ರೂ ವರ್ಷಕ್ಕೆ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತ ಕಮ್ಮಿ ಅಂತ ಬಂದಿದೆ. ಅಷ್ಟರಿಂದ ಗ್ರಹ ಹೀಗೆ ಉಬ್ಬೋಕೆ ಸಾಧ್ಯ ಇಲ್ಲ.

ಈಗ ತೂಕದ ವಿಷಯಕ್ಕೆ ಬನ್ನಿ, ಡೈನೋಸಾರ್ ಪ್ರಶ್ನೆ ಇಲ್ಲೇ ಬರುತ್ತೆ. ಭೂಮಿ ಚಿಕ್ಕದಿತ್ತು ಆದ್ರೆ ತೂಕ ಇಷ್ಟೇ ಇತ್ತು ಅಂದ್ರೆ, ತ್ರಿಜ್ಯ ವಿಡಿಯೋದವರ ಲೆಕ್ಕದ ಹಾಗೆ ಈಗಿನ 0.6 ಪಟ್ಟು ಆದಾಗ ಮೇಲ್ಮೈ ಗುರುತ್ವ 0.6ರ ವರ್ಗದಿಂದ ಭಾಗಿಸಿದಷ್ಟು, ಅಂದ್ರೆ 2.8 ಪಟ್ಟು ಜಾಸ್ತಿ ಆಗುತ್ತೆ, ಕಮ್ಮಿ ಅಲ್ಲ! ಡೈನೋಸಾರ್ ನಿಲ್ಲೋಕೇ ಆಗ್ತಿರಲಿಲ್ಲ. ಗುರುತ್ವ ಕಮ್ಮಿ ಬೇಕು ಅಂದ್ರೆ ತೂಕವೂ ಕಮ್ಮಿ ಇತ್ತು ಅನ್ನಬೇಕು. ಸಾಂದ್ರತೆ ಹಾಗೇ ಇಟ್ಟುಕೊಂಡ್ರೆ ಆಗಿನ ತೂಕ ಈಗಿನ ಐದನೇ ಒಂದು ಭಾಗ, ಮಿಕ್ಕಿದ್ದು 20 ಕೋಟಿ ವರ್ಷದಲ್ಲಿ ಬಂದು ಸೇರಬೇಕು. ಭಾಗಿಸಿ ನೋಡಿದೆ, ವರ್ಷಕ್ಕೆ ಸುಮಾರು 23 ಲಕ್ಷ ಕೋಟಿ ಟನ್. ನಿಜವಾಗಿ ಆಕಾಶದಿಂದ ಬೀಳೋ ಉಲ್ಕೆ ಧೂಳು ವರ್ಷಕ್ಕೆ ಹತ್ತಾರು ಸಾವಿರ ಟನ್ ಅಷ್ಟೇ, ಅದೇ ಹೊತ್ತಿಗೆ ವಾತಾವರಣದ ಮೇಲ್ತುದಿಯಿಂದ ಹೈಡ್ರೋಜನ್ ಸೆಕೆಂಡಿಗೆ ಸುಮಾರು 3 ಕೆಜಿ ಹಾಗೆ ಸೋರಿ ಹೋಗ್ತಾನೇ ಇದೆ, ಅದೂ ವರ್ಷಕ್ಕೆ 90 ಸಾವಿರ ಟನ್ ದಾಟುತ್ತೆ. ಇಷ್ಟು ತೂಕ ಹೊರಗಿನಿಂದ ಬಂದಿಲ್ಲ. ಒಳಗೇ ಹುಟ್ಟಿತು ಅನ್ನೋದಾದ್ರೆ ಅಷ್ಟು ದ್ರವ್ಯಕ್ಕೆ ಬೇಕಾದ ಶಕ್ತಿ ಐನ್‌ಸ್ಟೈನ್ ಸೂತ್ರದಲ್ಲಿ ಹಾಕಿ ನೋಡಿ, ಸೂರ್ಯನಿಂದ ಭೂಮಿಗೆ ವರ್ಷಪೂರ್ತಿ ಬೀಳೋ ಬೆಳಕಿನ ಕೋಟ್ಯಂತರ ಪಟ್ಟು ಬರುತ್ತೆ. ಭೂಮಿ ತೂಕ ಹೆಚ್ಚಾದ್ರೆ ಚಂದ್ರ ಹತ್ರ ಬರಬೇಕಿತ್ತು, ಅವನು ದೂರ ಹೋಗ್ತಿದಾನೆ.

ಹಗಲು ರಾತ್ರಿಯ ಲೆಕ್ಕ ಇನ್ನೂ ಚೆಂದ. ಸ್ಕೇಟಿಂಗ್ ಮಾಡೋ ಹುಡುಗಿ ಕೈ ಮಡಚಿದ್ರೆ ಜೋರಾಗಿ ತಿರುಗ್ತಾಳಲ್ಲ, ಹಾಗೇ ಚಿಕ್ಕ ಭೂಮಿ ಜೋರಾಗಿ ತಿರುಗಬೇಕು. ಅದೇ ತೂಕ, 0.6 ತ್ರಿಜ್ಯ ಅಂದ್ರೆ ದಿನಕ್ಕೆ ಎಂಟೂವರೆ ಗಂಟೆ ಆಸುಪಾಸು. ಹಳೇ ಕಾಲದ ದಿನ ಎಷ್ಟಿತ್ತು ಅಂತ ಹೇಳೋಕೆ ಗಡಿಯಾರ ಉಂಟು, ಹವಳ! ಹವಳ ದಿನಕ್ಕೊಂದು ತೆಳು ಗೆರೆ, ವರ್ಷಕ್ಕೊಂದು ದಪ್ಪ ಪಟ್ಟಿ ಕಟ್ಟುತ್ತೆ. 1963ರಲ್ಲಿ ಜಾನ್ ವೆಲ್ಸ್ ಅನ್ನೋರು 38 ಕೋಟಿ ವರ್ಷ ಆಸುಪಾಸಿನ ಹವಳದ ಪಳೆಯುಳಿಕೆಯಲ್ಲಿ ಆ ಗೆರೆ ಎಣಿಸಿದ್ರು, ವರ್ಷಕ್ಕೆ ಸುಮಾರು 400 ದಿನ. ಅಂದ್ರೆ ದಿನಕ್ಕೆ ಹತ್ತಿರ ಹತ್ತಿರ 22 ಗಂಟೆ, ಉಬ್ಬರವಿಳಿತದಿಂದ ಭೂಮಿ ನಿಧಾನ ಆಗೋ ಲೆಕ್ಕಕ್ಕೆ ಇದು ಕೂಡುತ್ತೆ, ಎಂಟೂವರೆಗೆ ಯಾವ ರೀತಿಯಲ್ಲೂ ಕೂಡಲ್ಲ. ನಾನು ಕ್ಲಾಸಲ್ಲಿ ಪ್ರತಿ ವರ್ಷ ಇದನ್ನ ಹೇಳ್ತೀನಿ, ಕೊನೇ ಬೆಂಚಿನವರೂ ತಲೆ ಎತ್ತಿ ಕೇಳ್ತಾರೆ.

ಡೈನೋಸಾರ್‌ಗೆ ಬೇರೆ ಉತ್ತರ ಇದೆ. ಉದ್ದ ಕತ್ತಿನವುಗಳ ಬೆನ್ನುಮೂಳೆ ಒಳಗೆ ಹಕ್ಕಿಗಳ ಹಾಗೆ ಗಾಳಿ ಚೀಲದ ಟೊಳ್ಳು ಇತ್ತು, ಮೈ ನೋಡೋಕೆ ಕಾಣೋ ಅಷ್ಟು ಭಾರ ಇರಲಿಲ್ಲ.

ತುಂಗೆಯ ಮರಳು:

ನಮ್ಮ ಮನೆ ದೇವರ ಪೆಟ್ಟಿಗೆಯಲ್ಲಿ ಮುತ್ತಜ್ಜನ ಕಾಲದ ಎರಡು ಸಾಲಿಗ್ರಾಮ ಇವೆ, ದಿನಾ ಅಭಿಷೇಕ ಆಗುತ್ತೆ. ಅದರಲ್ಲಿ ಚಕ್ರ ಅಂತೀವಲ್ಲ, ಆ ಸುರುಳಿ ಅಮೊನೈಟ್ ಅನ್ನೋ ಸಮುದ್ರಜೀವಿಯ ಅಚ್ಚು, ಬಂದಿದ್ದು ನೇಪಾಳದ ಗಂಡಕಿ ನದಿಯಿಂದ, ಜುರಾಸಿಕ್ ಕಾಲದ್ದು. ಇದನ್ನ ತಿಳಿದ ಮೇಲೆ ನನಗೆ ಪೂಜೆಯಲ್ಲಿ ಭಕ್ತಿ ಜಾಸ್ತಿಯೇ ಆಯ್ತು, ಕೈಯಲ್ಲಿ ಹಿಡಿದಿರೋದು ಒಂದು ಸತ್ತ ಸಾಗರದ ಚೂರು ಅಂತ. ಇಲ್ಲಿ ಯಾಕೆ ಹೇಳ್ತಿದೀನಿ ಅಂದ್ರೆ ಹಳೇಕಲ್ಲು ಸರ್ ಹೇಳಿದ ಆ ತೆರೆದ ಬಾಯಿ, ಕ್ಯಾರಿ ಮುಚ್ಚಬೇಕು ಅಂತ ಒದ್ದಾಡಿದ ಆ ಬಾಯಿ, ಅದೇ ಟೆಥಿಸ್ ಸಾಗರ. ಅದು ನಿಜವಾಗ್ಲೂ ಇತ್ತು.

ಬರೀ ಸಾಲಿಗ್ರಾಮದಿಂದ ಅಗಲ ಎಷ್ಟಿತ್ತು ಅಂತ ಹೇಳೋಕಾಗಲ್ಲ ಅಂತ ಕೇಳಬಹುದು, ಸರಿ. ಅದಕ್ಕೆ ನಮ್ಮ ದಖನ್ ಕಪ್ಪು ಕಲ್ಲಿದೆ, ಬೆಳಗಾವಿ ವಿಜಯಪುರ ಕಡೆಯಿಂದ ಮಹಾರಾಷ್ಟ್ರ ಪೂರ್ತಿ ಹರಡಿರೋದು, 6.6 ಕೋಟಿ ವರ್ಷದ ಹಿಂದಿನ ಲಾವಾ. 1950ರ ದಶಕದಲ್ಲೇ ಅದರ ಕಾಂತೀಯ ಓರೆ ಅಳೆದು ಆಗ ಈ ಕಲ್ಲು ಭೂಮಧ್ಯರೇಖೆಯ ದಕ್ಷಿಣಕ್ಕೆ ಬಹಳ ದೂರ ಇತ್ತು, ಸುಮಾರು 30 ಡಿಗ್ರಿ ದಕ್ಷಿಣದಲ್ಲಿ, ಅಂತ ಕಂಡುಕೊಂಡ್ರು. ಏಷ್ಯಾದ ದಕ್ಷಿಣ ಅಂಚು ಆಗ ರೇಖೆಯ ಉತ್ತರಕ್ಕಿತ್ತು. ಅಕ್ಷಾಂಶ ಅನ್ನೋದು ಕೋನ, ಭೂಮಿ ನಿಂಬೆಹಣ್ಣಷ್ಟಿದ್ರೂ ಕುಂಬಳಕಾಯಷ್ಟಿದ್ರೂ ಡಿಗ್ರಿ ಡಿಗ್ರಿಯೇ. ಹಾಗಾಗಿ ಭಾರತ ಯಾವಾಗ್ಲೂ ಏಷ್ಯಾಕ್ಕೆ ಅಂಟಿಕೊಂಡೇ ಇತ್ತು ಅನ್ನೋಕೆ ದಾರಿಯೇ ಇಲ್ಲ. ಆ ಸಾಗರದ ತಳ ಎಲ್ಲಿ ಹೋಯ್ತು ಅಂದ್ರೆ ಅದೂ ಸಿಕ್ಕಿದೆ, 1999ರಲ್ಲಿ ಭೂಕಂಪದ ಅಲೆಗಳಿಂದ ಒಳಗಿನ ಚಿತ್ರ ತೆಗೆದವರಿಗೆ ಈಗಿನ ಭಾರತದ ಅಡಿಯಲ್ಲೇ, ಬಹಳ ಆಳದಲ್ಲಿ, ತಣ್ಣಗಿನ ತಳದ ಹಲಗೆಗಳು ಕಂಡವು. ನಾವು ಅದನ್ನ ದಾಟಿ ಬಂದಿದೀವಿ, ಅದು ಕೆಳಗೆ ಮುಳುಗ್ತಾ ಇದೆ. ಸ್ವಲ್ಪ ಚೂರು ಲಡಾಖಿನ ಸಿಂಧೂ ಕಣಿವೆಯ ಉದ್ದಕ್ಕೂ ಮೇಲೇ ಉಳಿದುಕೊಂಡಿದೆ.

ತೂಕದಕಲ್ಲು:

ತುಂಗೆಯ ಮರಳು ಅವ್ರ ಸಾಲಿಗ್ರಾಮದ ಮಾತು ಓದಿ ಮೈ ಜುಂ ಅಂತು.

ಇನ್ನೊಂದು ಮರೆತಿದ್ದೆ, ಕಡಲ್ತಡಿ ಅವ್ರು ಮಗುವಿಗೆ ಇದನ್ನೂ ಹೇಳಬೇಕು. ಗ್ರಹಗಳ ಸೈಜ್ ಬದಲಾಗೋದೇ ಇಲ್ಲ ಅಂತ ಅವಳು ತಿಳ್ಕೋಬಾರದು. ಬದಲಾಗುತ್ತೆ! ಬುಧಗ್ರಹ ನಿಜವಾಗ್ಲೂ ಕುಗ್ಗಿದೆ. ಒಳಗಿನ ಕಬ್ಬಿಣ ತಣ್ಣಗಾಗ್ತಾ ಹೋದ ಹಾಗೆ ಮೇಲಿನ ಸಿಪ್ಪೆ ಒಂದರ ಮೇಲೊಂದು ಹತ್ತಿ ನೂರಾರು ಕಿಲೋಮೀಟರ್ ಉದ್ದದ ಕಡಿದಾದ ದಿಣ್ಣೆಗಳಾಗಿವೆ. 1974ರಲ್ಲಿ ಮ್ಯಾರಿನರ್ 10 ನೋಡಿದಾಗ ಒಂದು ಮೂರು ಕಿಮೀ ಒಳಗೆ ಕುಗ್ಗಿರಬಹುದು ಅಂದುಕೊಂಡಿದ್ರು, ಮೆಸೆಂಜರ್ ನೌಕೆ ಇಡೀ ಗ್ರಹದ ನಕ್ಷೆ ಕೊಟ್ಟ ಮೇಲೆ 2014ರಲ್ಲಿ ತ್ರಿಜ್ಯ 7 ಕಿಮೀವರೆಗೂ ಕಮ್ಮಿಯಾಗಿದೆ ಅಂತ ಬಂತು. ಚಂದ್ರನೂ ಚೂರು ಕುಗ್ಗಿದಾನೆ, ಅದು ಮೀಟರ್ ಲೆಕ್ಕದಲ್ಲಿ, ಕೆಲವು ಹತ್ತು ಮೀಟರ್. ಗುರುವಿನ ಉಪಗ್ರಹ ಗ್ಯಾನಿಮೀಡ್ ಉಲ್ಟಾ, ಅದರ ಮೈಯಲ್ಲಿ ಎಳೆದು ಬಿರಿದ ಪಟ್ಟಿಗಳಿವೆ, ಒಳಗಿನ ಮಂಜು ಕಲ್ಲು ಬೇರೆ ಬೇರೆ ಆದಾಗ ಹಿಗ್ಗಿರಬೇಕು ಅಂತಾರೆ. ಹಿಗ್ಗಿದ್ರೆ ಕುಗ್ಗಿದ್ರೆ ಮೈಮೇಲೆ ಗುರುತು ಬೀಳುತ್ತೆ, ಭೂಮಿ ಮೈಮೇಲೆ ಇಡೀ ಗ್ರಹ ಹಿಗ್ಗಿದ ಗುರುತಿಲ್ಲ, ಒಂದು ಕಡೆ ಬಿರುಕು ಇನ್ನೊಂದು ಕಡೆ ಹಿಮಾಲಯ.

ನಮ್ಮ ಸೌರವ್ಯೂಹದ ಆಚೆಗೆ ಹೋದ್ರೆ ಇನ್ನೂ ಇದೆ. ಕೆಪ್ಲರ್ ಟೆಲಿಸ್ಕೋಪು ಕಂಡ ಗ್ರಹಗಳನ್ನ 2017ರಲ್ಲಿ ಸರಿಯಾಗಿ ಅಳೆದಾಗ ಭೂಮಿಯ ಒಂದೂವರೆಯಿಂದ ಎರಡು ಪಟ್ಟು ತ್ರಿಜ್ಯದ ನಡುವೆ ಗ್ರಹಗಳು ತೀರಾ ಕಮ್ಮಿ ಅಂತ ಕಂಡಿತು, ನಡುವೆ ಒಂದು ಖಾಲಿ. ಕೆಲವು ಗ್ರಹ ತಮ್ಮ ಗಾಳಿಯ ಕಂಬಳಿ ಪೂರ್ತಿ ಕಳಕೊಂಡು ಬರೀ ಕಲ್ಲಾಗಿ ಚಿಕ್ಕದಾಗಿಬಿಡ್ತವೆ, ಅದಕ್ಕೇ ಮಧ್ಯದ ಸೈಜಲ್ಲಿ ಯಾರೂ ನಿಲ್ಲಲ್ಲ ಅನ್ನೋದು ಒಂದು ಮುಖ್ಯ ವಿವರಣೆ.

ಬೆಳಕಿನಬೀಜ:

ಹವಳದ ವಿಷಯ ನನಗೆ ಗೊತ್ತೇ ಇರಲಿಲ್ಲ, ಎಗ್ಯೆದ್ ಪರೀಕ್ಷೆಯದ್ದೂ. ನಾನು ಓದಿದ ಕಡೆ ಎಗ್ಯೆದ್ ಹೆಸರು ಬರುತ್ತೆ, ಅವರ ಪರೀಕ್ಷೆ ಆಮೇಲೆ ಏನಾಯ್ತು ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. ಅದು ನನಗೆ ಬೇಜಾರಾಯ್ತು. ಇಷ್ಟು ವರ್ಷ ಒಂದೇ ಕಡೆಯದ್ದು ಓದಿದೆ ಅನ್ನಿಸ್ತಿದೆ. 19 ಮಿಲಿಮೀಟರ್ ಲೆಕ್ಕ ನಾನೇ ಇನ್ನೊಂದು ಸಲ ಮಾಡಿ ನೋಡಿದೆ, ಸರಿಯಾಗೇ ಬಂತು. ಮಧ್ಯೆ ನಿಂತು ನಿಂತು ಬೆಳೆಯುತ್ತೆ, ಈಗ ಬೆಳೆಯೋದು ನಿಂತಿದೆ ಅನ್ನೋರೂ ಇದಾರೆ, ಆದ್ರೆ ಏಣುಗಳು ಈಗಲೂ 3 ಚದರ ಕಿಮೀ ಹುಟ್ಟಿಸ್ತಿವೆ ಅಂದ ಮೇಲೆ ಆ ಮಾತು ನಿಲ್ಲಲ್ಲ, ಅದನ್ನ ಒಪ್ಪಲೇಬೇಕು.

ಕಡಲ್ತಡಿ:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್, ನಿನ್ನೆ ರಾತ್ರಿ ಕೂತು ಇದನ್ನೆಲ್ಲಾ ಅವಳಿಗೆ ಓದಿ ಹೇಳಿದೆ. ಅವಳು ಮೊದಲು ಹಿಡಿದಿದ್ದು ಹವಳವನ್ನ, ಎರಡನೇದು ಎಗ್ಯೆದ್. ಒಂದು ಪ್ಲಾಸ್ಟಿಕ್ ಚೆಂಡು ಒಂದು ದೊಡ್ಡ ಬಲೂನು ತಗೊಂಡು ಎರಡರ ಮೇಲೂ ಹತ್ತು ಸೆಂಟಿಮೀಟರ್ ದಾರ ಅಂಟಿಸಿ, ಎರಡು ತುದಿಯ ಕೋನ ಅಳೀತೀನಿ ಅಂತ ಬೆಳಿಗ್ಗೆಯಿಂದ ನನ್ನ ಹಳೇ ಜಾಮಿಟ್ರಿ ಬಾಕ್ಸ್ ಹುಡುಕ್ತಾ ಇದಾಳೆ. ಚಿಕ್ಕ ಚೆಂಡಿನ ಮೇಲೆ ಕೋನ ಜಾಸ್ತಿ ಬಂತು ಅಂತ ಈಗಷ್ಟೇ ಕೂಗಿ ಹೇಳಿದ್ಳು. ಹಳೇಕಲ್ಲು ಸರ್, ಮರಡಿಹಳ್ಳಿಗೆ ಚಿತ್ರದುರ್ಗದಿಂದ ಹೋಗೋದಾ ಹಿರಿಯೂರಿಂದ ಹತ್ರವಾ? ಶನಿವಾರ ಹೊರಡೋಣ ಅಂತ ಇದೀವಿ.